ಮೊದಲು ಬೀರು ತೆರೆಯಿರಿ, ಆಮೇಲೆ ಅಂಗಡಿಗೆ ಹೋಗಿ: ಹೊಸ ಶಿಕ್ಷಕರು ತರಗತಿ ಸಾಮಗ್ರಿ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಹೊಸದಾಗಿ ಶಾಲೆಗೆ ಬಂದ ಶಿಕ್ಷಕರು ಮೊದಲ ವಾರದಲ್ಲೇ ಪೇಟೆಗೆ ಹೋಗಿ ಎರಡೂ ಕೈ ತುಂಬ ಚಾರ್ಟು ತರುತ್ತಾರೆ. ಹಣ್ಣು, ತರಕಾರಿ, ರಾಷ್ಟ್ರನಾಯಕರು, ವರ್ಣಮಾಲೆ, ಎಲ್ಲವೂ ಮಿರಿಮಿರಿ ಮಿಂಚುವ ಕಾಗದದಲ್ಲಿ. ಆಗಸ್ಟ್ ಹೊತ್ತಿಗೆ ಅರ್ಧ ಗೋಡೆಯಿಂದ ಉದುರಿರುತ್ತವೆ, ಉಳಿದ ಅರ್ಧವನ್ನು ಮಕ್ಕಳು ಒಮ್ಮೆಯೂ ಮುಟ್ಟಿರುವುದಿಲ್ಲ. ಮೊದಲ ಸಂಬಳ ಕೈಗೆ ಬರಲು ದಾಖಲೆ ಪರಿಶೀಲನೆ ಮುಗಿಯಬೇಕು, ಅದಕ್ಕೆ ತಿಂಗಳುಗಳೇ ಹಿಡಿಯಬಹುದು. ಹಾಗಾಗಿ ಖರ್ಚಾಗಿರುವುದು ಬಹುಪಾಲು ಮನೆಯವರ ಹಣ.

ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಈ ತಪ್ಪನ್ನು ವರ್ಷವರ್ಷವೂ ನೋಡುತ್ತಿದ್ದೇನೆ. ನನ್ನ ಮೊದಲ ಜೂನ್‌ನಲ್ಲಿ ನಾನೂ ಇದನ್ನೇ ಮಾಡಿದ್ದೆ. ಹೊಸಬರಲ್ಲಿ ಉತ್ಸಾಹ ಬೇಕಾದಷ್ಟಿರುತ್ತದೆ, ಎಡವುವುದು ಕೆಲಸದ ಕ್ರಮದಲ್ಲಿ. ಕೊಳ್ಳುವುದು ಕೊನೆಯಲ್ಲಿ ಬರಬೇಕು, ಅವರು ಅದನ್ನೇ ಮೊದಲು ಮಾಡಿಬಿಡುತ್ತಾರೆ. ಕೆಳಗಿನ ಹಂತಗಳನ್ನು ಇದೇ ಸರದಿಯಲ್ಲಿ ಅನುಸರಿಸಿ. ಉದಾಹರಣೆಗಳು ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಕೋಣೆಯವು. ಮೂರೂ ತರಗತಿಯ ಮಕ್ಕಳು ಒಟ್ಟಿಗೆ ಕುಳಿತು, ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ ನಲಿ-ಕಲಿ. ನಾಲ್ಕು, ಐದನೇ ತರಗತಿಗೂ ಕ್ರಮ ಇದೇ.

## ಹಂತ 1: ಬೀರು, ಟ್ರಂಕು, ಅಟ್ಟ ತೆರೆದು ನೋಡಿ

ಕೆಲಸಕ್ಕೆ ಹಾಜರಾದ ಮೊದಲ ಮೂರು ದಿನಗಳಲ್ಲಿ ಮುಖ್ಯ ಶಿಕ್ಷಕರ ಬಳಿ ಹೋಗಿ, "ಸರ್, ನನ್ನ ತರಗತಿಯ ಸಾಮಾನು ಏನೇನಿದೆ ಅಂತ ದಾಸ್ತಾನು ವಹಿ ಜೊತೆ ಒಮ್ಮೆ ನೋಡಲೇ?" ಎಂದು ಕೇಳಿ. ಈ ಒಂದು ಮಾತಿನಿಂದ ಉಳಿಯುವ ಹಣ ದೊಡ್ಡದು. ಬೀಗದ ಕೈ ಸಿಗಲಿಲ್ಲವೆಂದು ಬಿಡಬೇಡಿ. ಅಡುಗೆಯವರನ್ನು ಕೇಳಿ, ಬಹಳ ಶಾಲೆಗಳಲ್ಲಿ ಯಾವ ಕೈ ಯಾವ ಬೀಗದ್ದೆಂದು ಬಲ್ಲವರು ಅವರೇ.

ಹುಡುಕಬೇಕಾದ ವಸ್ತುಗಳು ಇವು. ನಲಿ-ಕಲಿ ಕಾರ್ಡುಗಳ ಕಟ್ಟು, ಕಾರ್ಡುಗಳ ಕ್ರಮ ತೋರಿಸುವ ಕಲಿಕಾ ಮೆಟ್ಟಿಲು, ಯಾವ ಗುಂಪು ಎಲ್ಲಿ ಕೂರಬೇಕೆಂದು ಗುರುತಿಸುವ ಗುಂಪು ತಟ್ಟೆಗಳು, ಮಕ್ಕಳ ಕಲಿಕೆ ಎಲ್ಲಿಗೆ ಬಂತೆಂದು ತುಂಬುವ ಪ್ರಗತಿ ನೋಟ, ಹವಾಮಾನ ನಕ್ಷೆ. ನಾಲ್ಕು ಮತ್ತು ಐದನೇ ತರಗತಿ ಇರುವ ಶಾಲೆಯಾದರೆ ಗಣಿತ ಕಲಿಕಾ ಆಂದೋಲನ ಎಂಬ ಕಾರ್ಯಕ್ರಮದಲ್ಲಿ ಬಂದ ಗಣಿತ ಕಿಟ್ ಪೆಟ್ಟಿಗೆ. ಅದರೊಳಗೆ ಮಣಿಚೌಕಟ್ಟು, ಭಿನ್ನರಾಶಿ ಪಟ್ಟಿಗಳು, ಗಡಿಯಾರ, ಆಟದ ನೋಟುಗಳು, ದಾಳಗಳು ಇರುತ್ತವೆ. ಸೀಲು ಒಡೆಯದ ಕಿಟ್ಟನ್ನು ಬೀರುವಿನ ಮೇಲಿಟ್ಟುಕೊಂಡು, ಅದೇ ಗಡಿಯಾರವನ್ನು ರಟ್ಟಿನಲ್ಲಿ ಕತ್ತರಿಸುತ್ತಾ ಕುಳಿತ ಹೊಸ ಶಿಕ್ಷಕಿಯನ್ನು ನಾನು ಕಂಡಿದ್ದೇನೆ.

ಕಾರ್ಡುಗಳನ್ನು ನೆಲದ ಮೇಲೆ ಹರಡಿ, ಮೆಟ್ಟಿಲಿನ ಕ್ರಮದಲ್ಲಿ ಒಂದೊಂದಾಗಿ ಹೊಂದಿಸಿ. ಇದಕ್ಕೆ ಒಂದು ಇಡೀ ಮಧ್ಯಾಹ್ನ ಬೇಕು. ಯಾವ ಮೈಲಿಗಲ್ಲಿನ, ಅಂದರೆ ಮೆಟ್ಟಿಲಿನ ಯಾವ ಘಟ್ಟದ, ಯಾವ ಕಾರ್ಡು ಕಾಣೆಯಾಗಿದೆ, ಯಾವುದು ಹರಿದಿದೆ ಎಂದು ಬರೆದಿಟ್ಟುಕೊಳ್ಳಿ. ಪಟ್ಟಿ ಎರಡು ಪುಟ ದಾಟಿದರೆ ಗಾಬರಿ ಬೇಡ. ಹರಿದ ಕಾರ್ಡನ್ನು ಎಸೆಯಲೂ ಬೇಡಿ, ನಕಲು ಮಾಡಲು ಅದೇ ಮಾದರಿ.

## ಹಂತ 2: ಒಂದು ವಾರ ಮಕ್ಕಳನ್ನು ನೋಡಿ

ಹಿಂದಿನ ವರ್ಷದ ಕಲಿಕೆಯನ್ನು ನೋಡಿ ಸರಿಪಡಿಸುವ, ಜೂನ್ ಆರಂಭದ ಸೇತುಬಂಧದ ದಿನಗಳು ಇದಕ್ಕೆ ತಕ್ಕ ಕಾಲ. ಎಷ್ಟು ಮಕ್ಕಳಿದ್ದಾರೆ, ಎಷ್ಟು ಜನ ಯಾವ ಮಟ್ಟದಲ್ಲಿದ್ದಾರೆ ಎಂದು ತಿಳಿಯದೆ ಮಾಡಿದ ಸಾಮಗ್ರಿ ಪಟ್ಟಿ ಊಹೆಯ ಪಟ್ಟಿಯಾಗುತ್ತದೆ. ಎಂಟು ಮಕ್ಕಳಿರುವ ಕೋಣೆಗೆ 30 ಸ್ಲೇಟು ತಂದವರಿದ್ದಾರೆ.

ಇದಕ್ಕಿಂತ ಮುಖ್ಯವಾದದ್ದು ಮನೆಮಾತು. ಬಾಗೇಪಲ್ಲಿ ಕಡೆಯ ಹಲವು ಊರುಗಳಲ್ಲಿ, ಕೋಲಾರ ಜಿಲ್ಲೆಯ ಆಂಧ್ರದ ಗಡಿಯಲ್ಲೂ, ಒಂದನೇ ತರಗತಿಗೆ ಬರುವ ಮಗು ಮನೆಯಲ್ಲಿ ತೆಲುಗು ಆಡುತ್ತದೆ. ಹಾಲಿನ ಲೋಟದ ಚಿತ್ರ ತೋರಿಸಿದಾಗ ಒಬ್ಬಳು ಹುಡುಗಿ "ಪಾಲು" ಎಂದಳು. ನಾನು "ಅಲ್ಲ, ಹಾಲು" ಎಂದು ತಿದ್ದಿದೆ. ಆಮೇಲೆ ಎರಡು ದಿನ ಅವಳು ಬಾಯಿ ಬಿಡಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಹಾಲು ಎಂಬುದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು, ತಿಳಿಯದೆ ಇದ್ದವನು ನಾನು.

ಅಂದಿನಿಂದ ಇಂಥ ತರಗತಿಗೆ ಜೋಡಿ ಪದಗಳ ಕಾರ್ಡುಗಳ ಒಂದು ಕಟ್ಟನ್ನು ತಪ್ಪದೆ ಮಾಡುತ್ತೇನೆ: ಪಾಲು–ಹಾಲು, ಪುಲಿ–ಹುಲಿ, ಪಾಮು–ಹಾವು, ಪುವ್ವು–ಹೂವು. ಎರಡನ್ನೂ ಕನ್ನಡ ಲಿಪಿಯಲ್ಲೇ ಬರೆದು ನಡುವೆ ಒಂದೇ ಚಿತ್ರ ಅಂಟಿಸಿ. ತೆಲುಗಿನ 'ಪ' ಕನ್ನಡದಲ್ಲಿ 'ಹ' ಆಗುವುದನ್ನು ನಾಲ್ಕನೇ ಕಾರ್ಡಿನ ಹೊತ್ತಿಗೆ ಮಕ್ಕಳೇ ಹಿಡಿದುಬಿಡುತ್ತಾರೆ. ಈ ಕಟ್ಟು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

## ಹಂತ 3: ಪಟ್ಟಿಯನ್ನು ಮೂರು ಪಾಲು ಮಾಡಿ

ಒಂದು ಹಾಳೆಯಲ್ಲಿ ಮೂರು ಕಲಂ ಎಳೆಯಿರಿ: ಕೇಳಿ ಪಡೆಯುವುದು, ಊರಲ್ಲಿ ಕೂಡಿಸಿ ಮಾಡುವುದು, ಕೊಳ್ಳುವುದು. ಪ್ರತಿ ವಸ್ತುವಿನ ಮುಂದೆ ಅದನ್ನು ಯಾವ ಪಾಠಕ್ಕೆ, ಯಾವ ತಿಂಗಳಲ್ಲಿ ಬಳಸುತ್ತೀರಿ ಎಂದು ಬರೆಯಿರಿ. ಬರೆಯಲು ಆಗದಿದ್ದರೆ ಆ ವಸ್ತುವನ್ನು ಹೊಡೆದುಹಾಕಿ. ನನ್ನ ಪಟ್ಟಿಗಳಲ್ಲಿ ಮೂರನೇ ಕಲಂ ಈಗ ಹತ್ತು ಸಾಲು ಮೀರುವುದಿಲ್ಲ.

## ಹಂತ 4: ಕೇಳಬೇಕಾದವರನ್ನು ಕೇಳಿ

ಮೊದಲು ನಿಮ್ಮ ಸಮೂಹ ಸಂಪನ್ಮೂಲ ವ್ಯಕ್ತಿಯನ್ನು, ಅಂದರೆ ಸಿಆರ್‌ಪಿಯನ್ನು ಕೇಳಿ. ಕಾಣೆಯಾದ ಕಾರ್ಡುಗಳ ಪಟ್ಟಿಯನ್ನು ಲಿಖಿತವಾಗಿ ಕೊಡಿ. ಮಕ್ಕಳ ಸಂಖ್ಯೆ ಇಳಿದ ಪಕ್ಕದೂರಿನ ಶಾಲೆಯಲ್ಲಿ ಹೆಚ್ಚುವರಿ ಕಟ್ಟು ಇರುವ ಸಂಭವ ಉಂಟು, ಅದು ಅವರಿಗೆ ಗೊತ್ತಿರುತ್ತದೆ. ಆಮೇಲೆ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ. ಬಾಯಿಮಾತಿನ ಬೇಡಿಕೆ ಸಭೆ ಮುಗಿಯುವ ಹೊತ್ತಿಗೆ ಮರೆತುಹೋಗುತ್ತದೆ. ಕಾಗದದ ಮೇಲಿದ್ದರೆ ಮುಂದಿನ ತಿಂಗಳು "ಆ ಪಟ್ಟಿ ಏನಾಯಿತು ಸರ್?" ಎಂದು ಕೇಳಲು ದಾರಿಯಿರುತ್ತದೆ.

ಶಾಲೆಯ ಹಣದ ಬಗ್ಗೆ ಹೊಸಬರು ಕೇಳಲು ಸಂಕೋಚಪಡುತ್ತಾರೆ, ಪಡಬೇಕಾಗಿಲ್ಲ. ಸಮಗ್ರ ಶಿಕ್ಷಣ ಯೋಜನೆಯ ಮಾರ್ಗಸೂಚಿಯ ಪ್ರಕಾರ ಶಾಲಾ ಸಂಯುಕ್ತ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ: 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ರವರೆಗೆ 50,000. ಇದರಲ್ಲಿ ಕನಿಷ್ಠ ಶೇ 10ರಷ್ಟು ಸ್ವಚ್ಛತೆಗೆ ಹೋಗಬೇಕು. ವಿದ್ಯುತ್ ಬಿಲ್ಲು, ಸಣ್ಣಪುಟ್ಟ ರಿಪೇರಿ, ಸೀಮೆಸುಣ್ಣ ಎಲ್ಲವೂ ಇದೇ ಹಣದಲ್ಲಿ. ಹಾಗಾಗಿ ಚಿಕ್ಕ ಶಾಲೆಯ ಮುಖ್ಯ ಶಿಕ್ಷಕರು ಕೈ ಬಿಗಿ ಹಿಡಿದರೆ ಬೇಸರಿಸಬೇಡಿ. ಜೂನ್‌ನಲ್ಲೇ ಪೂರ್ತಿ ಹಣ ಬಂದಿರುತ್ತದೆಂದೂ ತಿಳಿಯಬೇಡಿ. ನಿಮ್ಮ ಹತ್ತು ಸಾಲಿನ ಪಟ್ಟಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಎಸ್‌ಡಿಎಂಸಿಯ ಸಭೆಗೆ ಮೊದಲೇ ಕೊಟ್ಟು, ನಡವಳಿಯಲ್ಲಿ ಬರೆಸಿ. ಹಣ ಬಂದ ದಿನ ಆ ಪಟ್ಟಿಗೆ ಬೆಲೆ ಬರುತ್ತದೆ.

ದಾನಿಗಳ ವಿಷಯದಲ್ಲಿ ಹುಷಾರಾಗಿರಿ. ನಿಮ್ಮ ಸ್ವಂತ ಮೊಬೈಲಿನ ಖಾತೆಗೆ ಹಣ ಹಾಕಿಸಿಕೊಳ್ಳಬೇಡಿ, ಒಂದು ರೂಪಾಯಿಯನ್ನೂ. ಅನುಮತಿಯಿಲ್ಲದೆ ಚಂದಾ ಎತ್ತುವುದಕ್ಕೆ ಸರ್ಕಾರಿ ನೌಕರರ ನಡತೆ ನಿಯಮಗಳು ಅವಕಾಶ ಕೊಡುವುದಿಲ್ಲ. ಯಾರಾದರೂ ಕೊಡಲು ಮುಂದೆ ಬಂದರೆ ಎಸ್‌ಡಿಎಂಸಿ ಮೂಲಕವೇ, ವಸ್ತುವಿನ ರೂಪದಲ್ಲೇ, ಸ್ವೀಕೃತಿ ಪತ್ರದ ಜೊತೆಗೇ ಪಡೆಯಬೇಕು. ಒಳ್ಳೆಯ ಮನಸ್ಸಿನಿಂದ ಹಣ ಮುಟ್ಟಿ ತೊಂದರೆಗೆ ಸಿಕ್ಕಿಕೊಂಡ ಎಳೆಯ ಶಿಕ್ಷಕರ ಮುಖ ನನಗಿನ್ನೂ ನೆನಪಿದೆ.

## ಹಂತ 5: ಊರಲ್ಲಿ ಬಿದ್ದಿರುವುದನ್ನು ಕೂಡಿಸಿ

ನಮ್ಮ ಕಡೆಯ ಹಳ್ಳಿಗಳಲ್ಲಿ ತರಗತಿಗೆ ಬೇಕಾದ ಮುಕ್ಕಾಲು ಪಾಲು ಸಾಮಗ್ರಿ ಹಿತ್ತಿಲಲ್ಲೇ ಇರುತ್ತದೆ.

ಹುಣಸೆ ಬೀಜ. ಬೇಸಿಗೆಯಲ್ಲಿ ಹುಣಸೆ ಕುಟ್ಟುವ ಮನೆಗಳಲ್ಲಿ ಕೇಳಿದರೆ ಒಂದು ಚೀಲ ಕೊಡುತ್ತಾರೆ. ತೊಳೆದು, ಎರಡು ದಿನ ಬಿಸಿಲಿಗೆ ಹಾಕಿ. ಒದ್ದೆ ಬೀಜವನ್ನು ಡಬ್ಬಿಗೆ ತುಂಬಿದರೆ ಹುಳು ಬೀಳುತ್ತದೆ. ಚೌಕಾಬಾರಕ್ಕೆ ಮಾಡುವಂತೆ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡಿ. ಇಂಥ ಹತ್ತು ಬೀಜ ಒಂದು ಪೊಟ್ಟಣಕ್ಕೆ, ಮಗುವಿಗೊಂದು ಪೊಟ್ಟಣ. ಮಗು ಬೀಜಗಳನ್ನು ಎಸೆದು ಬಿಳಿ ಎಷ್ಟು, ಕಂದು ಎಷ್ಟು ಎಂದು ಎಣಿಸುತ್ತದೆ. ಆರು–ನಾಲ್ಕು, ಏಳು–ಮೂರು, ಎರಡು–ಎಂಟು: ಹತ್ತನ್ನು ಒಡೆಯುವ ಹಲವು ಬಗೆಗಳು ಅರ್ಧ ಗಂಟೆಯಲ್ಲಿ ಅದರ ಕೈಗೆ ಬಂದಿರುತ್ತವೆ.

ಮೊಟ್ಟೆ ಟ್ರೇ. ಬಿಸಿಯೂಟಕ್ಕೆ ಬರುವ ಮೊಟ್ಟೆಯ ರಟ್ಟಿನ ಟ್ರೇಯಲ್ಲಿ 30 ಗುಳಿ, ಐದರಂತೆ ಆರು ಸಾಲು. ಎರಡೆರಡು ಸಾಲಿಗೆ ಕತ್ತರಿಸಿದರೆ ಹತ್ತು ಗುಳಿಗಳ ಮೂರು ತುಂಡು ಸಿಗುತ್ತವೆ. ಏಳು ಬೀಜ ಹಾಕಿದ ಮಗುವಿಗೆ ಖಾಲಿ ಮೂರು ಗುಳಿ ಕಣ್ಣೆದುರೇ ಇರುತ್ತವೆ. ಹತ್ತಕ್ಕೆ ಎಷ್ಟು ಕಡಿಮೆ ಎಂದು ಕೇಳುವ ಮೊದಲೇ ಉತ್ತರ ಬರುತ್ತದೆ. ಮೊಟ್ಟೆ ಒಡೆದು ಕಲೆಯಾದ ಟ್ರೇ ಬೇಡವೇ ಬೇಡ, ರೋಗ ಅಂಟುತ್ತದೆ. ಒಣಗಿದ, ಕಲೆಯಿಲ್ಲದ್ದನ್ನು ಮಾತ್ರ ಆರಿಸಿ, ಬಿಸಿಲಿಗಿಟ್ಟು ಬಳಸಿ.

ಹಿಪ್ಪುನೇರಳೆ ಕಡ್ಡಿ. ಶಿಡ್ಲಘಟ್ಟ, ಚಿಂತಾಮಣಿ ಕಡೆ ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ಸೊಪ್ಪು ತಿಂದು ಬಿಟ್ಟ ಕಡ್ಡಿ ರಾಶಿ ಬಿದ್ದಿರುತ್ತದೆ. ಗೇಣುದ್ದ ಕತ್ತರಿಸಿ, ತುದಿಯನ್ನು ಕಲ್ಲಿಗೆ ತೀಡಿ, ಹತ್ತಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿದರೆ ಬಿಡಿ–ಹತ್ತು ಕಲಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಹುಳುವಿನ ಹಾಸಿಗೆಗೆ ಸುಣ್ಣ, ಸೋಂಕುನಿವಾರಕ ಪುಡಿ ಉದುರಿಸಿರುತ್ತಾರೆ, ಆದ್ದರಿಂದ ಚೆನ್ನಾಗಿ ತೊಳೆದು ಒಣಗಿಸಿ. ತೆಂಗಿನ ಪೊರಕೆ ಕಡ್ಡಿ ಬೇಡ, ತುದಿ ಚೂಪು, ಕಣ್ಣಿಗೆ ಅಪಾಯ.

ಹಳೆಯ ಚಂದ್ರಿಕೆ. ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿ ಇದು. ಇದರ ಬದಲು ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಬಿದಿರಿನ ಚಂದ್ರಿಕೆಗಳು ಎಷ್ಟೋ ಮನೆಗಳಲ್ಲಿ ಗೋಡೆಗೆ ಒರಗಿಕೊಂಡು ನಿಂತಿವೆ. ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲ. ಸುರುಳಿ ಸುರುಳಿಯಾದ ಬಿದಿರ ಪಟ್ಟಿಗೆ ಬಟ್ಟೆ ಕ್ಲಿಪ್ಪು ಸಿಕ್ಕಿಸಿದರೆ ನಲವತ್ತು ಮಕ್ಕಳ ಚಿತ್ರ ತೂಗುತ್ತದೆ. ಗೋಡೆಗೆ ಮೊಳೆ ಹೊಡೆಯುವ ಕೆಲಸವಿಲ್ಲ, ತೇವದ ಭಯವೂ ಇಲ್ಲ. ಚಂದ್ರಿಕೆಗಳನ್ನು ಬಾಡಿಗೆಗೆ ಕೊಡುವವರೂ ಇದ್ದಾರೆ, ಹಾಗಾಗಿ ಕೆಲಸಕ್ಕೆ ಬಾರದ್ದನ್ನಷ್ಟೇ ಕೇಳಿ. ಇದಕ್ಕೂ ಫಾರ್ಮಲಿನ್, ಬ್ಲೀಚಿಂಗ್ ಪುಡಿಯ ಸೋಂಕು ನಿವಾರಣೆ ಆಗಿರುತ್ತದೆ. ನೀರಿನಲ್ಲಿ ಉಜ್ಜಿ ತೊಳೆದು, ಮೂರು ದಿನ ಬಿಸಿಲಲ್ಲಿಟ್ಟು, ವಾಸನೆ ಪೂರ್ತಿ ಹೋದ ಮೇಲೆ ಒಳಗೆ ತನ್ನಿ. ಸಿಬಿರು ಎದ್ದಿರುವ ಕಡೆ ಮರಳುಕಾಗದ ಹಾಕಿ.

ಟೊಮೆಟೊ ಕ್ರೇಟು ಕಾರ್ಡಿನ ಕಟ್ಟು ಇಡಲು ಅಚ್ಚುಕಟ್ಟು. ಒಡೆದು ಮೂಲೆಗೆ ಹಾಕಿದ್ದನ್ನು ಮಾಲೀಕರನ್ನು ಕೇಳಿಯೇ ತನ್ನಿ. ಸೋಪಿನ ನೀರಲ್ಲಿ ತೊಳೆಯದೆ ಮಕ್ಕಳ ಕೈಗೆ ಕೊಡಬೇಡಿ, ಔಷಧಿಯ ಅಂಶ ಅಂಟಿರುತ್ತದೆ.

### ಇವನ್ನು ತರಗತಿಯೊಳಗೆ ತರಲೇಬೇಡಿ

ಗುಲಗಂಜಿ. ನೋಡಲು ಕೆಂಪು–ಕಪ್ಪು ಮುತ್ತಿನಂತಿದೆ, ಎಣಿಸಲು ಕೊಡಬೇಕೆನಿಸುತ್ತದೆ. ಅದರ ತಿರುಳು ಕಡುವಿಷ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಹರಳು ಬೀಜ, ಕಾಡುಹರಳು, ಕಣಗಿಲೆ ಕಾಯಿ ಕೂಡ ಹಾಗೆಯೇ. "ಬೀಜ ತನ್ನಿ" ಎಂದು ಮಕ್ಕಳಿಗೆ ಸುಮ್ಮನೆ ಹೇಳಿ ಕಳುಹಿಸಬೇಡಿ, ಯಾವ ಬೀಜ ಎಂದು ತೋರಿಸಿ ಹೇಳಿ. ತಂದದ್ದನ್ನು ನೀವೇ ಹರಡಿ ಆರಿಸಿ. ಗುಂಡಿ ಬ್ಯಾಟರಿ ಇರುವ ಹಳೆಯ ಆಟಿಕೆ, ತಗಡಿನ ಡಬ್ಬಿಯ ಚೂಪು ಮುಚ್ಚಳ, ಒಡೆದ ಸ್ಲೇಟಿನ ಚೂರು ಇವೂ ಬೇಡ.

## ಹಂತ 6: ಕಾರ್ಡು ತಯಾರಿಸಿ

ಬೇಕಾದ ಸಲಕರಣೆ: ಹಳೆಯ ರಟ್ಟಿನ ಡಬ್ಬಿ, ಬಿಳಿ ಹಾಳೆ, ಕಪ್ಪು ಮಾರ್ಕರ್, ಕತ್ತರಿ, ಸ್ಕೇಲು, ಫೆವಿಕಾಲ್, ಅಗಲ ಸೆಲೋಟೇಪು. ಲ್ಯಾಮಿನೇಶನ್ ಕೊನೆಗೆ, ಅದೂ ದಿನವೂ ಕೈಗೆ ಸಿಗುವ ಕಾರ್ಡಿಗೆ ಮಾತ್ರ.

1. ರಟ್ಟನ್ನು ಆರು ಅಂಗುಲ ಉದ್ದ, ನಾಲ್ಕು ಅಂಗುಲ ಅಗಲಕ್ಕೆ ಕತ್ತರಿಸಿ ಮೂಲೆಗಳನ್ನು ದುಂಡಗೆ ಮಾಡಿ.

2. ಬಿಳಿ ಹಾಳೆ ಅಂಟಿಸಿ, ಪುಸ್ತಕಗಳ ಕೆಳಗೆ ಒಂದು ರಾತ್ರಿ ಒತ್ತಿಡಿ. ಈ ರಾತ್ರಿಯನ್ನು ಬಿಟ್ಟವರ ಕಾರ್ಡು ಹಪ್ಪಳದಂತೆ ಸೊಟ್ಟಗಾಗುತ್ತದೆ.

3. ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದು, ಕೆಳಗೆ ಒಂದೂವರೆ ಅಂಗುಲ ಜಾಗ ಬಿಡಿ. ಕನ್ನಡದ ಒತ್ತಕ್ಷರ ಕೆಳಗಿಳಿಯುತ್ತದೆ. ಜಾಗ ಬಿಡದೆ ಬರೆದ 'ಅಕ್ಕ', 'ಅಪ್ಪ' ಕಾರ್ಡುಗಳಲ್ಲಿ ಒತ್ತು ಅಂಚಿಗೆ ಸಿಕ್ಕಿ ನಜ್ಜುಗುಜ್ಜಾಗಿರುತ್ತದೆ, ಮಗು ಅದನ್ನೇ ಸರಿಯೆಂದು ಕಲಿಯುತ್ತದೆ.

4. ಬರೆದ ಕಾರ್ಡನ್ನು ಕೋಣೆಯ ಹಿಂದಿನ ಗೋಡೆಗೆ ಒರಗಿಸಿ, ಮುಂದೆ ಹೋಗಿ ನೆಲದ ಮೇಲೆ ಕುಳಿತು ಓದಿ. ತಲೆಕಟ್ಟು ಬಿಡಿಯಾಗಿ ಕಾಣದಿದ್ದರೆ ಮತ್ತೆ ಬರೆಯಿರಿ.

ಇಲ್ಲಿ ಹೆಚ್ಚು ಜನ ಎಡವುವುದು ಅಕ್ಷರದ ಕ್ರಮದಲ್ಲಿ. ಅಂಗಡಿಯ ವರ್ಣಮಾಲೆ ಅ, ಆ, ಇ, ಈ ಎಂದು ಸಾಗುತ್ತದೆ. ನಲಿ-ಕಲಿ ಆರಂಭವಾಗುವುದು ರ, ಗ, ಸ, ದ, ಅ ಎಂದು. ಬರೆಯಲು ಸುಲಭವಾದ, ಬೇಗ ಪದ ಕಟ್ಟಬಲ್ಲ ಅಕ್ಷರಗಳಿವು: ಸರ, ರಸ, ಅರಸ, ಅಗಸ, ಗರಗಸ. ಮೊದಲ ವಾರದಲ್ಲಿ ಈ ಐದಕ್ಕೆ ಮಾತ್ರ ಕಾರ್ಡು ಮಾಡಿ, ಪ್ರತಿ ಅಕ್ಷರಕ್ಕೆ ನಾಲ್ಕು ಪ್ರತಿ. 'ಗರಗಸ' ಜೋಡಿಸಲು 'ಗ' ಎರಡು ಬೇಕು ಎಂಬುದು ಒಂದೇ ಪ್ರತಿ ಮಾಡಿದವರಿಗೆ ಪಾಠದ ನಡುವೆ ನೆನಪಾಗುತ್ತದೆ. ಮಕ್ಕಳು ಮುಂದಿನ ಮೈಲಿಗಲ್ಲಿಗೆ ಹೋದ ಹಾಗೆ ಮುಂದಿನ ಗುಂಪಿನ ಅಕ್ಷರಗಳಿಗೆ ಕೈ ಹಾಕಿ. 49 ಅಕ್ಷರವನ್ನೂ ಒಂದೇ ರಾತ್ರಿ ಬರೆಯುತ್ತಾ ಕೂರಬೇಡಿ.

## ಹಂತ 7: ಈಗ ಅಂಗಡಿಗೆ ಹೋಗಿ

ಸೀಮೆಸುಣ್ಣ, ಬಳಪ, ಮಾರ್ಕರ್, ಅಂಟು, ದಾರ, ಬಟ್ಟೆ ಕ್ಲಿಪ್ಪು, ಮೇಣದ ಬಣ್ಣದ ಕಡ್ಡಿ, ದುಂಡು ತುದಿಯ ಕತ್ತರಿ, ಬಿಳಿ ಹಾಳೆಯ ಒಂದು ರೀಮು. ಬಹುಮಟ್ಟಿಗೆ ಇಷ್ಟೇ. ಇಷ್ಟಕ್ಕೆ ಬೆಂಗಳೂರಿನ ಅವೆನ್ಯೂ ರಸ್ತೆಯವರೆಗೆ ಹೋಗುವುದು ನಷ್ಟ, ಓಡಾಟದ ಖರ್ಚಿನಲ್ಲೇ ಉಳಿತಾಯ ಕರಗುತ್ತದೆ. ನಾಲ್ಕೈದು ಶಾಲೆಯವರು ಸೇರಿ ಒಟ್ಟಾಗಿ ತರುವುದಾದರೆ ಮಾತ್ರ ಹೋಗಿ. ಇಲ್ಲವಾದರೆ ತಾಲ್ಲೂಕು ಕೇಂದ್ರದ ಸಗಟು ಸ್ಟೇಷನರಿ ಅಂಗಡಿ ಸಾಕು.

ಶಾಲೆಯ ಹಣವಾದರೆ ಬಿಲ್ಲು ಮುಖ್ಯ ಶಿಕ್ಷಕರ ಹುದ್ದೆ ಮತ್ತು ಶಾಲೆಯ ಹೆಸರಿನಲ್ಲೇ ಇರಬೇಕು, ದಿನಾಂಕ ಮತ್ತು ವಸ್ತುವಿನ ವಿವರ ಬಿಡಿಬಿಡಿಯಾಗಿರಬೇಕು. "ಸ್ಟೇಷನರಿ ಸಾಮಾನು" ಎಂದು ಒಂದೇ ಸಾಲಿನ ಬಿಲ್ಲು ಲೆಕ್ಕಪರಿಶೋಧನೆಯಲ್ಲಿ ನಿಲ್ಲುವುದಿಲ್ಲ.

ಕಪ್ಪುಹಲಗೆಗೆ ಬಣ್ಣ ಹೊಡೆಸುವುದಿದ್ದರೆ ಬ್ಲ್ಯಾಕ್‌ಬೋರ್ಡ್ ಪೇಂಟ್ ಎಂದೇ ಕೇಳಿ. ಮಾಮೂಲಿ ಕಪ್ಪು ಎನಾಮೆಲ್ ಹೊಡೆದರೆ ಹಲಗೆ ಕನ್ನಡಿಯಂತೆ ಹೊಳೆಯುತ್ತದೆ, ಸೀಮೆಸುಣ್ಣ ಜಾರುತ್ತದೆ, ಕಿಟಕಿ ಪಕ್ಕದ ಮಕ್ಕಳಿಗೆ ಅಕ್ಷರವೇ ಕಾಣುವುದಿಲ್ಲ. ಪೂರ್ತಿ ಒಣಗಿದ ಮೇಲೆ ಸೀಮೆಸುಣ್ಣವನ್ನು ಅಡ್ಡ ಹಿಡಿದು ಇಡೀ ಹಲಗೆಗೆ ಉಜ್ಜಿ, ಒರೆಸಿ, ಆಮೇಲೆ ಮೊದಲ ಅಕ್ಷರ ಬರೆಯಿರಿ. ಗೋಡೆಯ ಕೆಳಭಾಗದ ಮಕ್ಕಳ ಹಲಗೆಗೂ ಇದೇ ರೀತಿ.

## ಹಂತ 8: ಎಲ್ಲಿ ಇಡಬೇಕು, ಎಷ್ಟೆತ್ತರದಲ್ಲಿ

ನೆಲದ ಮೇಲೆ ಕುಳಿತ ಮಗುವಿನ ಕಣ್ಣಿಗೆ ನೇರವಾಗಿ, ಎರಡರಿಂದ ನಾಲ್ಕು ಅಡಿ ಎತ್ತರದೊಳಗೆ. ಪ್ರಗತಿ ನೋಟ, ಹವಾಮಾನ ನಕ್ಷೆ ಮಕ್ಕಳ ಕೈಗೆಟುಕಬೇಕು, ಅವು ಅವರು ತುಂಬುವ ಹಾಳೆಗಳು. ಕಾರ್ಡುಗಳನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟರೆ ನಲಿ-ಕಲಿ ನಡೆಯುವುದಿಲ್ಲ. ಮಗು ತಾನೇ ಎದ್ದು ಹೋಗಿ ತನ್ನ ಕಾರ್ಡು ತೆಗೆದುಕೊಳ್ಳಬೇಕು.

ಮಕ್ಕಳ ಕೆಲಸ ತೂಗುಹಾಕುವ ಚಪ್ಪರದ ದಾರವನ್ನು ಗೋಡೆಯ ಕೊಕ್ಕೆಯಿಂದ ಕೊಕ್ಕೆಗೆ ಕಟ್ಟಿ. ಫ್ಯಾನಿಗೆ, ವಿದ್ಯುತ್ ತಂತಿಯ ಕೊಳವೆಗೆ ಕಟ್ಟಬೇಡಿ. ಚಾರ್ಟಿಗೆ ಮೈದಾ ಅಂಟು ಬೇಡ, ಇಲಿ–ಜಿರಲೆಗೆ ಅದು ಊಟ. ಹುಳು ಬಾರದಿರಲೆಂದು ಅಂಟಿಗೆ ಮೈಲುತುತ್ತ ಬೆರೆಸುವ ಹಳೆಯ ರೂಢಿಯೂ ಮಕ್ಕಳ ಕೋಣೆಯಲ್ಲಿ ಬೇಡ, ಅದು ವಿಷ. ಮಳೆ ಬಂದ ಮಾರನೆಯ ದಿನ ಗೋಡೆಗೆ ಅಂಗೈ ಒತ್ತಿ ನೋಡಿ. ತಣ್ಣಗೆ ಅಂಟಿದರೆ ಆ ಗೋಡೆಗೆ ಕಾಗದ ಹಚ್ಚಬೇಡಿ.

## ಹಂತ 9: ಬರೆದಿಡಿ

ಬಾಳಿಕೆಯ ವಸ್ತು ಒಂದು ಕಡೆ, ಬಳಸಿ ಮುಗಿಯುವ ವಸ್ತು ಇನ್ನೊಂದು ಕಡೆ. ದಿನಾಂಕ, ವಸ್ತು, ಸಂಖ್ಯೆ, ಎಲ್ಲಿಂದ ಬಂತು, ಮುಖ್ಯ ಶಿಕ್ಷಕರ ಸಹಿ. ನಿಮ್ಮ ಸ್ವಂತ ಹಣದಲ್ಲಿ ತಂದದ್ದನ್ನು ನಿಮ್ಮದೇ ಬೇರೆ ನೋಟ್‌ಬುಕ್ಕಿನಲ್ಲಿ ಬರೆಯಿರಿ, ವರ್ಗವಾದಾಗ ಏನು ಕೊಂಡೊಯ್ಯಬಹುದು ಎಂಬ ಗೊಂದಲ ಇರುವುದಿಲ್ಲ. ಅತಿಥಿ ಶಿಕ್ಷಕರು ಇದನ್ನು ಖಂಡಿತ ಮಾಡಬೇಕು. ಅವರು ವರ್ಷಾಂತ್ಯಕ್ಕೆ ಹೊರಡುತ್ತಾರೆ, ಅವರ ಶ್ರಮದ ಕಾರ್ಡುಗಳು ಯಾರದೆಂದು ಕೇಳುವವರಿರುವುದಿಲ್ಲ.

## ತಪ್ಪುತ್ತಿದೆ ಎಂಬುದರ ಗುರುತುಗಳು

ಕಾರ್ಡಿನ ಅಂಚು ಎರಡು ವಾರವಾದರೂ ಹೊಸದರಂತೆಯೇ ಇದ್ದರೆ ಮಕ್ಕಳು ಅದನ್ನು ಮುಟ್ಟುತ್ತಿಲ್ಲ. ಅದನ್ನು ಎತ್ತಿಟ್ಟು, ಏಕೆ ಎಂದು ನೋಡಿ. ಮಕ್ಕಳು ಚಿತ್ರ ನೋಡಿ ಪದ ಹೇಳುತ್ತಾ, ಚಿತ್ರ ಮುಚ್ಚಿದ ಕೂಡಲೇ ತಡವರಿಸಿದರೆ ಅವರು ಅಕ್ಷರ ಓದುತ್ತಿಲ್ಲ. ಆಗ ಚಿತ್ರವಿಲ್ಲದ ಇನ್ನೊಂದು ಕಟ್ಟು ಬೇಕು. ಬೀಜದ ಪೊಟ್ಟಣದಲ್ಲಿ ದಿನವೂ ಒಂದೆರಡು ಕಡಿಮೆಯಾಗುತ್ತಿದ್ದರೆ ಅಂದೇ ಕೇಳಿ. ಮೂಗಿಗೋ ಕಿವಿಗೋ ಹೋಗಿದ್ದರೆ ನೀವು ತೆಗೆಯಲು ಹೋಗಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ.

ಬಳಪ ಬೇಗ ಬೇಗ ಮುಗಿಯುತ್ತಿದ್ದರೆ ಯಾವ ಮಗು ತಿನ್ನುತ್ತಿದೆ ಎಂದು ಗಮನಿಸಿ. ಬೈಯಬೇಡಿ. ಬಳಪ, ಮಣ್ಣು ತಿನ್ನುವ ಬಯಕೆ ಎಷ್ಟೋ ಸಲ ರಕ್ತಹೀನತೆಯ ಲಕ್ಷಣ. ಕೆಳಗಿನ ಕಣ್ಣುರೆಪ್ಪೆ ಎಳೆದು ನೋಡಿ, ಬಿಳಿಚಿಕೊಂಡಿದ್ದರೆ ತಾಯಿಗೂ ಆಶಾ ಕಾರ್ಯಕರ್ತೆಗೂ ಅದೇ ದಿನ ತಿಳಿಸಿ, ಶಾಲೆಗೆ ಬರುವ ಆರೋಗ್ಯ ತಪಾಸಣೆ ತಂಡದ ಮುಂದೆ ಆ ಮಗುವಿನ ಹೆಸರನ್ನು ಮೊದಲು ಹೇಳಿ.

ದಸರಾ ರಜೆಗೆ ಹೊರಡುವ ಮುನ್ನ ಗೋಡೆಯ ಎಲ್ಲವನ್ನೂ ಇಳಿಸಿ, ಕಾರ್ಡುಗಳನ್ನು ಎಣಿಸಿ ಕಟ್ಟಿ, ಬೀಜ–ಕಡ್ಡಿಗಳನ್ನು ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬಿ. ಬೀರುವಿನ ತಳದಲ್ಲಿ ಗೆದ್ದಲಿನ ಮಣ್ಣುಗೆರೆ ಕಾಣುತ್ತದೆಯೇ ಎಂದು ಬಗ್ಗಿ ನೋಡಿ. ಕಂಡರೆ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು, ಗೋಡೆಯಿಂದ ಒಂದು ಗೇಣು ದೂರ ಸರಿಸಿ ಬೀಗ ಹಾಕಿ.